ಹೆಲಿಕಾಪ್ಟರ್ ಬಿಟ್ಟ ಮದ್ದಿಗೆ ಚೀಟಿ ಓದುವವರು ಯಾರು?

ಕಳೆದ ವರ್ಷ ವಿಟ್ಲದ ಹತ್ತಿರ ಒಂದು ಮದುವೆ ಊಟದ ಪಂಕ್ತಿಯಲ್ಲಿ ನನ್ನ ಬಲಕ್ಕೆ ಕೂತವರು ಹೊಸೂರು ಕಡೆಯ ಒಬ್ಬ ವ್ಯಾಪಾರಿ. ಬೀಜ, ಗೊಬ್ಬರ, ಕೀಟನಾಶಕ ಎಲ್ಲ ಮಾರುವವರು. ನಾನೂ ಒಂದು ಕಾಲದಲ್ಲಿ ಪೆರ್ಲದಿಂದ ಒಳಗೆ ಅದೇ ವ್ಯಾಪಾರ ಮಾಡಿದವನು ಎಂದು ತಿಳಿದದ್ದೇ ತಡ, ಸಾರು ಬಡಿಸುವ ಮೊದಲೇ ಅವರು ಸುರು ಮಾಡಿದರು. "ಎಲ್ಲದಕ್ಕೂ ಸರ್ಕಾರ ಬ್ಯಾನ್ ಮಾಡಬೇಕು ಅಂತಾರೆ ಸ್ವಾಮಿ. ಬಾಟಲಿ ಮೇಲೆ ಬರೆದಿರ್ತದೆ, ಒಳಗೆ ಚೀಟಿ ಇರ್ತದೆ. ಓದದೆ ಹೊಡೆದು ಆಮೇಲೆ ಕಂಪೆನಿಯನ್ನು ಬೈದರೆ? ದುಡ್ಡು ಕೊಟ್ಟು ಕೊಳ್ಳುವವನಿಗೆ ಕಣ್ಣಿಲ್ವಾ?"

ಮಾತು ಸುಳ್ಳೆಂದು ನಾನು ಹೇಳಲಿಲ್ಲ. ಹೋಳಿಗೆ ಬಂತು, ಮಾತು ಬೇರೆ ಕಡೆ ಹೋಯಿತು. ಆದರೆ ಆ ಪ್ರಶ್ನೆ ನನ್ನ ಒಟ್ಟಿಗೆ ಸಾರಡ್ಕದ ಗಡಿ ದಾಟಿ ಮನೆವರೆಗೆ ಬಂತು. ಅವರಿಗೆ ಪಂಕ್ತಿಯಲ್ಲಿ ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರ ಪಕ್ಷವನ್ನೇ ಹಿಡಿಯುತ್ತೇನೆ. ಅಂಗಡಿಯ ಗಲ್ಲಾದ ಹಿಂದೆ ಇಪ್ಪತ್ತೈದು ವರ್ಷ ಕೂತವನಿಗೆ ಕೊಳ್ಳುವವನ ಗುಣ ಗೊತ್ತಿಲ್ಲದೆ ಇರುತ್ತದಾ? ಅಳತೆ ಮುಚ್ಚಳವನ್ನು ಬಿಸಾಡಿ ಕೈಅಂದಾಜಿನಲ್ಲಿ ಸುರಿಯುವವರು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಗಾಳಿಗೆ ಎದುರಾಗಿ ಪಂಪು ಹಿಡಿಯುವವರು, "ಸ್ವಲ್ಪ ಸ್ಟ್ರಾಂಗ್ ಇರುವುದು ಕೊಡಿ ಮಾರಾಯ್ರೆ" ಎನ್ನುವವರು, ಖಾಲಿ ಡಬ್ಬ ತೊಳೆದು ಸೀಮೆಎಣ್ಣೆ ಹಾಕುವವರು, ಎಲ್ಲರನ್ನೂ ಕಂಡಿದ್ದೇನೆ. ಬಿಹಾರದ ಸಾರಣ್ ಜಿಲ್ಲೆಯಲ್ಲಿ 2013ರ ಜುಲೈಯಲ್ಲಿ ಶಾಲೆಯ ಬಿಸಿಯೂಟ ತಿಂದ 23 ಮಕ್ಕಳು ಸತ್ತಾಗ ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. ಕೆಳಗಿನ ಕೋರ್ಟು 2016ರಲ್ಲಿ ಮುಖ್ಯೋಪಾಧ್ಯಾಯಿನಿಗೆ ಶಿಕ್ಷೆ ಕೊಟ್ಟಿತು. ಜಾಗ್ರತೆ ಎಂಬುದು ಬಳಸುವವನ ಕೈಯಲ್ಲೂ ಉಂಟು, ಒಪ್ಪಿದೆ.

ನಮ್ಮ ಅಡಿಕೆ ಬೆಳೆಗಾರರು ಜಾಗ್ರತೆ ಇಲ್ಲದವರು ಎಂದು ಮಾತ್ರ ಹೇಳಬೇಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಬಿಡುವ ಮನೆಯಂಗಳಕ್ಕೆ ಬಂದು ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸುವುದು. ಪಾಕ ಸರಿ ಬಂತೋ ಇಲ್ಲವೋ ಎಂದು ತಿಳಿಯಲಿಕ್ಕೆ ಲ್ಯಾಬೊರೇಟರಿ ಬೇಡ, ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಸಾಕು. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಿಂದ ತೋಟಗಳಿಗೆ ಬಂದ ಮದ್ದು ಇದು. ನಾಲ್ಕನೇ ಕ್ಲಾಸು ಓದಿದವನೂ ಈ ಪರೀಕ್ಷೆ ಮಾಡುತ್ತಾನೆ. ಅಂದರೆ ಕೊಳ್ಳುವವನಿಗೆ ಪರೀಕ್ಷೆಯ ದಾರಿ ಕೊಟ್ಟರೆ ಅವನು ಪರೀಕ್ಷಿಸಿಯೇ ಬಳಸುತ್ತಾನೆ.

ಎಂಡೋಸಲ್ಫಾನಿಗೆ ಯಾವ ಕತ್ತಿ ಅದ್ದಬೇಕಿತ್ತು ಹೇಳಿ?

ಕಾಸರಗೋಡಿನವರಿಗೆ ಈ ಕತೆ ಬಾಯಿಪಾಠ. ಅಕ್ಕಲಕೋಟೆ, ಆದೋನಿ, ತಾಳವಾಡಿ ಕಡೆಯ ಓದುಗರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಕೇರಳ ಸರಕಾರದ ಪ್ಲಾಂಟೇಷನ್ ಕಾರ್ಪೊರೇಷನಿಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿನಷ್ಟು ಗೇರು ತೋಟ. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ದ ಡಿಸೆಂಬರ್ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟರು. ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ, ಮನೆಗಳು ಕಣಿವೆಯಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ದಕ್ಷಿಣಕ್ಕೆ ಪೆರಿಯ, ಅಜಾನೂರು, ಕಯ್ಯೂರು ಚೀಮೇನಿಯವರೆಗೆ ಹನ್ನೊಂದು ಪಂಚಾಯತುಗಳ ಹೆಸರು ಆಮೇಲೆ ಸರಕಾರಿ ಕಾಗದಕ್ಕೆ ಬಂದವು.

ಕಾನೂನು ಇರಲಿಲ್ಲವಾ? ಇತ್ತು. 1971ರ ಕೀಟನಾಶಕ ನಿಯಮಗಳಲ್ಲಿ ವಿಮಾನದಿಂದ ಸಿಂಪಡಿಸುವುದಕ್ಕೆಂದೇ ಒಂದು ನಿಯಮ ಉಂಟು. 24 ಗಂಟೆ ಮೊದಲು ಊರಿಗೆ ತಿಳಿಸಬೇಕು, ಒಪ್ಪಿಗೆಯ ಎತ್ತರ ಮೀರಬಾರದು, ಸಂಬಂಧವಿಲ್ಲದ ಜನ, ಜಾನುವಾರು ಆ ಜಾಗಕ್ಕೆ ಬರದಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ನಿಯಮ ಹೇಗೆ ನಡೆಯಿತೆಂದರೆ, ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿಸಿದರು. ಬಾವಿಗೆ ಮಡಲು ಹಾಸಿ ಮುಚ್ಚಬಹುದು. ಸುರಂಗದ ನೀರು ಬಂದು ಬೀಳುವ ಕೆರೆಯನ್ನು ಹೇಗೆ ಮುಚ್ಚುವುದು? ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಸುರಂಗವೇ ನಮ್ಮ ಎಷ್ಟೋ ಮನೆಗಳ ಕುಡಿಯುವ ನೀರು. ತೋಡನ್ನು ಮುಚ್ಚಲಿಕ್ಕೆ ಆಗುತ್ತದಾ? ಹುಲ್ಲನ್ನು? ಹೆಲಿಕಾಪ್ಟರ್ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬರುತ್ತಿದ್ದವು, ಮೇಲೆ ನೋಡಿ ಕೈ ಬೀಸುತ್ತಿದ್ದವು. ನನ್ನ ಮಗನೂ ಬೀಸಿದ್ದಾನೆ. ನಾನೂ ಅಂಗಡಿ ಬಾಗಿಲಲ್ಲಿ ನಿಂತು ನೋಡಿದ್ದೇನೆ, ಎಂಥ ಗಮ್ಮತ್ತು ಎಂದು.

ಪಡ್ರೆಯ ಶ್ರೀ ಪಡ್ರೆಯವರು 1979ರಲ್ಲೇ, ಕಾಲು ಸೊಟ್ಟಗಾಗಿ ಹುಟ್ಟುವ ಕರುಗಳ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದರು. ಕರು ಅಂದರೆ ಯಾರಿಗೆ ಬೇಕು? ಅದೇ ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಹಿಡಿದು 1990ರ ದಶಕದಲ್ಲಿ ವೈದ್ಯರ ಪತ್ರಿಕೆಗೆ ಬರೆದರು: ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುವಿಕಲತೆ, ಕ್ಯಾನ್ಸರ್ ಯಾಕೆ ಎಂದು. ಪೆರಿಯದ ಕಡೆ ಲೀಲಾಕುಮಾರಿ ಅಮ್ಮ, ಅವರು ಕೃಷಿ ಇಲಾಖೆಯದೇ ನೌಕರರು, 1998ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದರು. ಆಮೇಲೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಕೇಳಿದ್ದಕ್ಕೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪಡ್ರೆಯ ಶಾಲಾ ಮಕ್ಕಳನ್ನು, ಮದ್ದು ಬೀಳದ ಇನ್ನೊಂದು ಊರಿನ ಮಕ್ಕಳನ್ನು ಹೋಲಿಸಿ ನೋಡಿತು. 2002ರ ಅವರ ವರದಿಯಲ್ಲಿ ಕಲಿಕೆಯ ತೊಂದರೆ, ಹುಟ್ಟುವಿಕಲತೆ, ಗಂಡುಮಕ್ಕಳು ಪ್ರಾಯಕ್ಕೆ ಬರುವುದರಲ್ಲಿ ತಡ, ಎಲ್ಲವೂ ಪಡ್ರೆಯಲ್ಲಿ ಹೆಚ್ಚು ಎಂದು ಬಂತು. ಅಲ್ಲ, ಎಂಡೋಸಲ್ಫಾನೇ ಕಾರಣವೆಂದು ಸಿದ್ಧವಾಗಿಲ್ಲ ಎಂದು ಹೇಳಿದ ಸಮಿತಿಗಳೂ ಉಂಟು. ದುಬೆ ಸಮಿತಿ, ಮಾಯೀ ಸಮಿತಿ ಹಾಗೆಯೇ ಹೇಳಿದವು. ಹಾಗೆ ಹೇಳುವ ವಿಜ್ಞಾನಿಗಳು ಇವತ್ತಿಗೂ ಇದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಡಾಕ್ಟರರಿಗೆ, ಸಂಸ್ಥೆಗಳಿಗೆ, ಎರಡೆರಡು ಸಮಿತಿಗಳಿಗೆ ಇಪ್ಪತ್ತೈದು ವರ್ಷದಲ್ಲಿ ಜಗಳವಿಲ್ಲದೆ ತೀರ್ಮಾನಿಸಲಿಕ್ಕೆ ಆಗದ ವಿಷಯವನ್ನು ಬಾಟಲಿ ಕೊಳ್ಳುವ ರೈತ ಗಲ್ಲಾದ ಎದುರು ಎರಡು ನಿಮಿಷದಲ್ಲಿ ತೀರ್ಮಾನಿಸಬೇಕಂತೆ! ಹೊಸೂರಿನ ಗೆಳೆಯರ ವಾದದ ತಿರುಳು ಅದೇ ತಾನೆ? ತೂಕ ಕಮ್ಮಿಯಾದರೆ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಅವಧಿ ಮುಗಿದಿದ್ದರೆ ತಾರೀಕು ನೋಡಬಹುದು. ಬೀಜ ಮೊಳೆಯದಿದ್ದರೆ ವಾರದಲ್ಲಿ ತಿಳಿಯುತ್ತದೆ. ಅಂಥದ್ದಕ್ಕೆಲ್ಲ ಕೊಳ್ಳುವವನೇ ಎಚ್ಚರ ಇರಲಿ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕ ಕೋರ್ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಆಂಧ್ರದ ರೈತರ ಕೇಸಿನಲ್ಲಿ ಖಚಿತ ಮಾಡಿಕೊಟ್ಟದ್ದೂ ಉಂಟು. ಆದರೆ ಹಾನಿ ಕಾಣಲಿಕ್ಕೆ ಹತ್ತು ವರ್ಷ ಬೇಕು, ಅದೂ ಕೊಂಡವನ ಮೈಯಲ್ಲಿ ಅಲ್ಲ, ಬೇಲಿಯಾಚೆಯ ಮನೆಯ ತೊಟ್ಟಿಲಲ್ಲಿ ಕಾಣುತ್ತದೆ ಎಂದಾದರೆ ಕೊಳ್ಳುವವನ ಎಚ್ಚರ ಯಾವ ಪ್ರಯೋಜನಕ್ಕೆ?

ಇನ್ನೊಂದು ಮುಖ್ಯ ಸಂಗತಿ. ನಮ್ಮಲ್ಲಿ ಮದ್ದು ಬಿದ್ದವರು ಕೊಂಡವರೇ ಅಲ್ಲ. ನನ್ನ ಅಂಗಡಿಯ ಹಿಂದಿನ ಇಳಿಜಾರಿನಲ್ಲಿ ಬೀಡಿ ಕಟ್ಟುವ ಒಂದು ಮನೆ ಇತ್ತು. ಜನ್ಮದಲ್ಲಿ ಒಂದು ಬಾಟಲಿ ಕೀಟನಾಶಕ ಕೊಳ್ಳದವರು, ಕೊಳ್ಳಲಿಕ್ಕೆ ಜಾಗವೇ ಇಲ್ಲ. ಅವರ ಎರಡನೇ ಹುಡುಗ ತಲೆ ಎತ್ತಲಾಗದೆ ಹುಟ್ಟಿ, ಹನ್ನೊಂದು ವರ್ಷ ಚಾಪೆಯಲ್ಲಿ ಮಲಗಿ, ಹಾಗೆಯೇ ಹೋದ. ಕಾರಣ ಇದೇ ಎಂದು ಬರೆದುಕೊಡಲಿಕ್ಕೆ ನಾನು ಡಾಕ್ಟರಲ್ಲ. ಆ ತಾಯಿ ಯಾವ ಚೀಟಿ ಓದಬೇಕಿತ್ತು ಎಂದು ಮಾತ್ರ ಕೇಳುತ್ತೇನೆ. 2019ರ ಹೊಸ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ತಯಾರಕನ ಹೊಣೆಯ ಬಗ್ಗೆ ಒಂದು ಅಧ್ಯಾಯವೇ ಉಂಟು, ಒಳ್ಳೆಯದು. ಆದರೆ ಅಲ್ಲಿ ಗ್ರಾಹಕ ಅನ್ನಿಸಿಕೊಳ್ಳಬೇಕಾದರೆ ದುಡ್ಡು ಕೊಟ್ಟು ಕೊಂಡಿರಬೇಕು, ಅಥವಾ ಕೊಂಡವನ ಒಪ್ಪಿಗೆಯಲ್ಲಿ ಬಳಸಿರಬೇಕು. ಬೇಲಿಯಾಚೆಯವನಿಗೆ ಆ ಬಾಗಿಲು ಇಲ್ಲ.

ಈ ದೇಶದ ಕೀಟನಾಶಕ ಕಾಯಿದೆ ಹುಟ್ಟಿದ್ದೂ ಕೊಳ್ಳದವರ ಸಾವಿನಿಂದಲೇ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕಿಂತ ಹೆಚ್ಚು ಜನ ಸತ್ತರು. ವಿಷವನ್ನೂ ಆಹಾರವನ್ನೂ ಒಂದೇ ಹಡಗಿನಲ್ಲಿ ತಂದದ್ದರ ಫಲ. ಅದರ ವಿಚಾರಣೆಯ ಆಮೇಲೆ 1968ರ ಕಾಯಿದೆ ಬಂತು. ಕೊಳ್ಳುವವನೇ ಜವಾಬ್ದಾರ ಎಂಬ ಸೂತ್ರ ಸಾಕಾಗುತ್ತಿದ್ದರೆ ಆ ಕಾಯಿದೆಯೇ ಬೇಕಿರಲಿಲ್ಲ.

ಹಾಗಾದರೆ ಸರಕಾರವನ್ನು ನಂಬಿ ಮಲಗಬಹುದೋ? ಅದೂ ನಾನು ಹೇಳುವುದಿಲ್ಲ. ನಮ್ಮ ಕೇಸಿನಲ್ಲಿ ತೋಟ ಸರಕಾರಿ ಕಾರ್ಪೊರೇಷನಿನದು, ಸಿಂಪಡಿಸಿದ್ದು ಅವರೇ. ಎಂಡೋಸಲ್ಫಾನ್ ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರಕಾರದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಒಂದು, ಫ್ಯಾಕ್ಟರಿ ಎರ್ನಾಕುಲಂ ಹತ್ತಿರದ ಏಲೂರಿನಲ್ಲಿ. ನೋಂದಣಿ ಕೊಟ್ಟದ್ದು ಕೇಂದ್ರದ ಕಮಿಟಿ. ನೋಡಿಕೊಳ್ಳಬೇಕಾದವರು ರಾಜ್ಯದ ಕೃಷಿ ಇಲಾಖೆ. ಮಾಡುವವನೂ ಬಳಸುವವನೂ ತಡೆಯಬೇಕಾದವನೂ ಒಂದೇ ಮನೆಯವರಾದರೆ ದೂರು ಕೊಡುವುದು ಯಾರಿಗೆ? ಬೇಲಿಯೇ ಹೊಲ ಮೇಯ್ದರೆ ಎಂಬ ಗಾದೆಯನ್ನು ನಾವು ಇಷ್ಟು ಅಕ್ಷರಶಃ ಕಾಣುತ್ತೇವೆಂದು ಎಣಿಸಿರಲಿಲ್ಲ. ಸ್ಟಾಕ್‌ಹೋಮ್ ಒಪ್ಪಂದದ ಸಭೆಗಳಲ್ಲಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಬಾರದೆಂದು ಕೊನೆಯ ತನಕ ಹಟ ಹಿಡಿದದ್ದೂ ನಮ್ಮ ದೇಶವೇ. 2011ರ ಏಪ್ರಿಲಿನಲ್ಲಿ ಅಲ್ಲಿ ಪಟ್ಟಿಗೆ ಸೇರಿತು, ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿತು.

ಈಗ ನಮ್ಮ ಗಡಿಯ ವಿಷಯಕ್ಕೆ ಬರುತ್ತೇನೆ. ನನ್ನ ತಪ್ಪೂ ಇಲ್ಲಿಯೇ ಇರುವುದು.

ಹೈಕೋರ್ಟಿನ ತಡೆ 2002ರಲ್ಲಿ, ಕೇಂದ್ರದ ಆದೇಶ 2005ರಲ್ಲಿ, ಹೀಗೆ ಕೇರಳದಲ್ಲಿ ಎಂಡೋಸಲ್ಫಾನ್ ನಿಂತಿತು. ಕರ್ನಾಟಕದಲ್ಲಿ ನಿಂತದ್ದು 2011ರ ಫೆಬ್ರವರಿಯಲ್ಲಿ. ನಡುವಿನ ಆರು ವರ್ಷ ಒಂದೇ ಬಾಟಲಿ ಸಾರಡ್ಕದ ಈಚೆ ವಿಷ, ಆಚೆ ಮದ್ದು. ಆಚೆಯವರೇನು ಕ್ಷೇಮವಾಗಿದ್ದರಾ? ಬೆಳ್ತಂಗಡಿ ಪುತ್ತೂರು ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲಿ ಕರ್ನಾಟಕದ ಗೇರು ನಿಗಮ ಸಿಂಪಡಿಸಿದ ಗುಡ್ಡಗಳ ಕೆಳಗೆ ಇವೇ ಮಕ್ಕಳು, ಇವೇ ಚಾಪೆಗಳು. ಆದರೂ ಅಂಗಡಿಯಲ್ಲಿ ಸಿಗುತ್ತಿತ್ತು.

2006ರ ಮಳೆಗಾಲಕ್ಕೆ ನನ್ನ ಕಾಳುಮೆಣಸಿಗೆ ಪೊಳ್ಳು ಹುಳ ಬಂತು. ಅದಕ್ಕೆ ಕೃಷಿ ಪುಸ್ತಕಗಳಲ್ಲೇ ಎಂಡೋಸಲ್ಫಾನ್ ಎಂದು ಬರೆದಿತ್ತು, ಹೊಡೆದರೆ ಹುಳ ಬೀಳುವುದೂ ನನಗೆ ಗೊತ್ತಿತ್ತು. ನಾನು ಬಸ್ಸು ಹತ್ತಿ ಆಚೆ ಹೋಗಿ ಒಂದು ಲೀಟರಿನ ಬಾಟಲಿ ತಂದೆ. ಚೀಲದಲ್ಲಿ ಮೇಲೆ ಎರಡು ಕಟ್ಟು ಬಸಳೆ. ಮಾರಿದವನು ನನ್ನ ಪರಿಚಯದವನೇ, ಅವನು ಮಾಡಿದ್ದು ಅಲ್ಲಿಯ ಕಾನೂನಿಗೆ ಸರಿ. ನಾನು ಓದಿದವನು, ಲೈಸೆನ್ಸ್ ಇದ್ದವನು, ಹಳದಿ ತ್ರಿಕೋನದ ಅರ್ಥ ಬಲ್ಲವನು, ಇಳಿಜಾರಿನ ಮನೆಯ ಹುಡುಗನ ಹೆಣಕ್ಕೆ ಹೆಗಲು ಕೊಟ್ಟವನು. ಅಷ್ಟೆಲ್ಲ ಗೊತ್ತಿದ್ದೂ ತಂದೆ, ಹೊಡೆದೆ. ಮೆಣಸಿಗೆ ರೇಟು ಇತ್ತು. ಎಚ್ಚರದ ಕೊಳ್ಳುಗನ ಕತೆ ಯಾರಾದರೂ ಹೇಳುವಾಗ ನನಗೆ ಬಸಳೆಯ ಕಟ್ಟು ನೆನಪಾಗುತ್ತದೆ. ಆಚೆಯ ಅಂಗಡಿಯಲ್ಲೂ ಸಿಗದಿದ್ದರೆ ನಾನು ತರುತ್ತಿರಲಿಲ್ಲ, ಅಷ್ಟೇ.

ಚೀಟಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂದಿ, ಇಂಗ್ಲಿಷ್, ಜತೆಗೆ ಆ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕೆಂದು ನಿಯಮ. ಪ್ರದೇಶ ಯಾವುದು ಎಂದು ತೀರ್ಮಾನಿಸುವವರು ಗೋದಾಮಿನವರು. ನನ್ನ ಅಂಗಡಿಗೆ ಮಾಲು ಬರುತ್ತಿದ್ದುದು ದಕ್ಷಿಣದಿಂದ, ಚೀಟಿ ಮಲಯಾಳದಲ್ಲಿ. ನನಗೆ ಮಲಯಾಳ ಬರುತ್ತದೆ, ನನ್ನ ಗಿರಾಕಿಗಳಲ್ಲಿ ಅರ್ಧ ಮಂದಿಗೆ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬಾರದು. ಜತ್ತದಲ್ಲಿ ಕನ್ನಡ ಶಾಲೆಯಲ್ಲಿ ಓದಿದ ದ್ರಾಕ್ಷಿ ಬೆಳೆಗಾರನಿಗೆ ಮರಾಠಿ ಚೀಟಿ, ಮಡಕಶಿರದವನಿಗೆ ತೆಲುಗು, ತಾಳವಾಡಿಯವನಿಗೆ ತಮಿಳು ಸಿಕ್ಕಿದರೆ ಅವರ ಪಾಡೂ ಇದೇ ಅಲ್ಲವಾ? ಅಕ್ಷರವೋ, ಇರುವೆ ಸಾಲು. ನನ್ನ ಅಂಗಡಿಯಲ್ಲಿ ಒಂದು ಭೂತಕನ್ನಡಿ ಇಟ್ಟಿದ್ದೆ, ಗಿರಾಕಿಗಳು ಅದರಲ್ಲಿ ಮಕ್ಕಳಿಗೆ ಇರುವೆ ತೋರಿಸುತ್ತಿದ್ದರು.

ಇನ್ನು ಭಾಷೆಯದೇ ಒಂದು ಮೋಸ. ಕನ್ನಡದಲ್ಲಿ ಮದ್ದು ಬಿಡುವುದು ಎನ್ನುತ್ತೇವೆ. ತುಳುವಿನಲ್ಲಿ ಮರ್ದ್, ಮಲಯಾಳದಲ್ಲಿ ಮರುನ್ನು, ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು, ಮರಾಠಿಯವರು ಔಷಧ ಎನ್ನುತ್ತಾರೆ. ಗಡಿಯ ಯಾವ ದಿಕ್ಕಿಗೆ ಹೋದರೂ ಜ್ವರದ ಮಾತ್ರೆಗೂ ಹುಳದ ವಿಷಕ್ಕೂ ಒಂದೇ ಶಬ್ದ. ಮದ್ದು ಎಂದ ಮೇಲೆ ಜಾಸ್ತಿ ಹಾಕಿದರೆ ಬೇಗ ಗುಣ ಎಂದು ಎಣಿಸುವ ರೈತನನ್ನು ದಡ್ಡನೆಂದು ನಾನು ಹೇಳುವುದಿಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸುವಾಗ ವಿಷ ತಾಗಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಗ್ಲೌಸು, ಮಾಸ್ಕು ಹಾಕಲಿಲ್ಲ ಎಂಬ ಮಾತು ಆಗಲೂ ಬಂತು. ಸತ್ತವರಲ್ಲಿ ಕೂಲಿಯವರೂ ಇದ್ದರು. ಬಾಟಲಿ ಕೊಂಡವರು ಅವರಲ್ಲ, ಕೂಲಿಗೆ ಬಂದಾಗ ಪಂಪನ್ನು ಬೆನ್ನಿಗೆ ಏರಿಸಿಕೊಂಡವರು. ಸೊಲ್ಲಾಪುರದ ಬಿಸಿಲಿನಲ್ಲಿ ಆ ರಬ್ಬರ್ ಅಂಗಿ ಹಾಕಿ ಒಂದು ಎಕರೆ ಹೊಡೆದು ತೋರಿಸಿ, ಆಮೇಲೆ ಮಾತಾಡುವ. ಬಳಸುವವನು ಹಾಕಲಿಕ್ಕೇ ಆಗದ ಕವಚ ಹಾಕಿಯೇ ಬಳಸಬೇಕಾದ ವಸ್ತುವನ್ನು ಇಲ್ಲಿ ಮಾರಲಿಕ್ಕೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದು ಎಂದು 2005ರಲ್ಲೇ ಆದೇಶ ಇತ್ತು. ಅಂಗಡಿಯಲ್ಲಿ ಮಾರುವಾಗ ಇದು ಬದನೆಗೋ ಹತ್ತಿಗೋ ಎಂದು ಯಾರು ಕೇಳುತ್ತಾರೆ? ನಾನು ಕೇಳಲಿಲ್ಲ. ಬಿಹಾರದ ಮಕ್ಕಳು ಸತ್ತು ಹತ್ತು ವರ್ಷ ಕಳೆದು 2023ರಲ್ಲಿ ಅದರ 36 ಎಸ್.ಎಲ್. ದ್ರಾವಣವನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ ಬಂತು.

ಪರಿಹಾರದ ಕತೆ ಕೇಳಿದರೆ ಕೊಳ್ಳುವವನ ಹೊಣೆ ಎನ್ನುವವರಿಗೂ ಸ್ವಲ್ಪ ನಾಚಿಕೆ ಆದೀತು. ಪಟ್ಟಿಯಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಹೆಸರು. ತಲಾ ಐದು ಲಕ್ಷ ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಹೇಳಿತು. 2019ರಲ್ಲಿ ತಾಯಂದಿರು ಮಕ್ಕಳನ್ನು ಹೊತ್ತುಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಉಪವಾಸ ಕೂತರು. 2022ರ ಮೇಯಲ್ಲಿ ಕೋರ್ಟು ಮತ್ತೆ ಗದರಿಸುವಾಗ, ಬಾಕಿ ಇದ್ದ ಮೂರು ಸಾವಿರದ ಏಳುನೂರು ಚಿಲ್ಲರೆ ಮಂದಿಯಲ್ಲಿ ಹಣ ಸಿಕ್ಕಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟೇ ಮಂದಿಗೆ. ಆ ವರ್ಷ ಸಾವಿರಾರು ಮಂದಿಗೆ ಹಣ ಬಂತು, ನಿಜ. ಕೊಟ್ಟದ್ದು ರಾಜ್ಯದ ಖಜಾನೆ, ಅಂದರೆ ನೀವು, ನಾನು, ಬೀಡಿ ಕಟ್ಟುವ ಆ ತಾಯಿಯೂ ಸೇರಿ. ತಯಾರಿಸಿ ಮಾರಿ ಲಾಭ ಕಂಡವರ ಜೇಬಿನಿಂದ ಮೊದಲು ಬರಬೇಕಿತ್ತು ಆ ಹಣ.

ನನಗೆ ಬೇಕಾದ್ದು ಇಷ್ಟೇ. ಒಂದು ರಾಜ್ಯದಲ್ಲಿ ವಿಷವೆಂದು ನಿಲ್ಲಿಸಿದ್ದನ್ನು ಅದರ ಗಡಿಯಿಂದ ಈಚೆಯ ತಾಲೂಕುಗಳಲ್ಲಾದರೂ ಅದೇ ದಿನ ನಿಲ್ಲಿಸಬೇಕು. ಗಡಿ ತಾಲೂಕುಗಳಿಗೆ ಹೋಗುವ ಪೆಟ್ಟಿಗೆಯಲ್ಲಿ ಎರಡೂ ಭಾಷೆಯ ಚೀಟಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ಅಪಾಯ ಇಲ್ಲ ಎಂದು ತೋರಿಸುವ ಭಾರ ಮಾಡಿದವನ ಮೇಲೆ ಇರಲಿ, ಅಪಾಯ ಉಂಟು ಎಂದು ತೋರಿಸುವ ಭಾರ ಚಾಪೆಯಲ್ಲಿ ಮಲಗಿದ ಮಗುವಿನ ತಾಯಿಯ ಮೇಲೆ ಬೇಡ. ಮತ್ತೆ, ಮಾರಿದ ಖಾಲಿ ಡಬ್ಬ, ಉಳಿದ ಮದ್ದು ಎರಡನ್ನೂ ವಾಪಸು ತೆಗೆದುಕೊಳ್ಳುವ ವ್ಯವಸ್ಥೆ ಮಾರುವವನದೇ ಆಗಬೇಕು.

ಈ ಕೊನೆಯ ಮಾತು ನಾನು ಸ್ವಂತಕ್ಕೆ ಹೇಳುವುದು. 2006ರಲ್ಲಿ ತಂದ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಆಚೆಯ ಅಂಗಡಿಯವನು ನಿಷೇಧ ಆದ ಮೇಲೆ ವಾಪಸು ಮುಟ್ಟಲಿಲ್ಲ. ತೋಡಿಗೆ ಸುರಿಯಲಿಕ್ಕೆ ಮನಸ್ಸು ಬರಲಿಲ್ಲ, ಹುಗಿದರೆ ಬಾವಿ ಹತ್ತಿರ. 2014ರಲ್ಲಿ ಅದನ್ನು ಚೀಲದಲ್ಲಿ ಹಾಕಿಕೊಂಡು ಒಂದು ಕಚೇರಿಗೆ ಹೋದೆ. ಅಲ್ಲಿಯವರು ಒಳ್ಳೆಯ ಜನ, ಕೂತುಕೊಳ್ಳಲಿಕ್ಕೆ ಕುರ್ಚಿ ಕೊಟ್ಟರು. ಕಾರ್ಪೊರೇಷನಿನ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನನ್ನು 2012ರಲ್ಲಿ ತುಕ್ಕು ಹಿಡಿದ ಡ್ರಮ್ಮಿನಿಂದ ಹೊಸ ಡ್ರಮ್ಮಿಗೆ ತುಂಬಿ ಇಟ್ಟದ್ದು, ಅದು ಇನ್ನೂ ಅಲ್ಲೇ ಇತ್ತು. "ಅದೇ ಹೋಗಲಿಲ್ಲ, ನಿಮ್ಮ ಅರ್ಧ ಲೀಟರಿಗೆ ಎಂತ ಅವಸರ?" ಎಂದರು. ಬಾಟಲಿಯನ್ನು ಮನೆಗೆ ತಂದು, ಕನ್ನಡದಲ್ಲಿ ಮಲಯಾಳದಲ್ಲಿ ವಿಷ ಎಂದು ಬರೆದು, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಅಟ್ಟದ ಮೂಲೆಯಲ್ಲಿ ಇಟ್ಟಿದ್ದೇನೆ. ಕೀಲಿ ಎಲ್ಲುಂಟೆಂದು ಮಗನಿಗೆ ಮಾತ್ರ ಗೊತ್ತು.